ಜೋಡಿಗಷ್ಟೇ ಪ್ರವೇಶ

ಕರೆಂಟಿನ ಬಗ್ಗೆ ನಮ್ಮ ಮಾವನಿಗೆ ತಿಳಿಯದ ಸಂಗತಿ ಈ ಲೋಕದಲ್ಲಿ ಒಂದೇ ಒಂದು. ಅದು, ಸುಟ್ಟುಹೋದ ಬಲ್ಬನ್ನು ಬದಲಿಸುವುದು ಹೇಗೆ ಎಂಬುದು! ನಾನು ಸುಮ್ಮನೆ ಉಬ್ಬಿಸಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಒಮ್ಮೆ ಬಚ್ಚಲುಮನೆಯ ಬಲ್ಬು ಹೋಯಿತೆಂದು ಹೊಸ ಬಲ್ಬು ಕೈಗೆ ಕೊಟ್ಟು ಅವನನ್ನು ಸ್ಟೂಲು ಹತ್ತಿಸಿದೆವು. ಹೋಲ್ಡರನ್ನೇ ನೋಡುತ್ತ ನಿಂತವನಿಗೆ ಏನು ಹೊಳೆಯಿತೋ, ಕೆಳಗಿಳಿದು, ಬಲ್ಬನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನೆಟ್ಟಗೆ ಕಾಲೇಜಿಗೆ ಹೊರಟುಹೋದ. ಆ ವಾರವೆಲ್ಲ ನಾವು ಮೊಬೈಲಿನ ಟಾರ್ಚು ಹಚ್ಚಿಕೊಂಡು ಸ್ನಾನ ಮಾಡಿದೆವು.

ಮಾವ ಎಂದರೆ ಅವ್ವನ ತಮ್ಮ. ಬಳ್ಳಾರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಕಲಿಸುವುದು ಹೊಟ್ಟೆಪಾಡಿಗೆ, ಅವನು ನಿಜವಾಗಿ ಬದುಕುವುದು ಅತಿವಾಹಕಗಳ ಲೋಕದಲ್ಲಿ. ಅತಿವಾಹಕ ಎಂದರೆ, ವಿಪರೀತ ಥಂಡಿಯಲ್ಲಿಟ್ಟರೆ ಕರೆಂಟನ್ನು ಒಂದಿಷ್ಟೂ ತಡೆಯದೆ ಹರಿಯಬಿಡುವ ಲೋಹ. ಅಂಥ ಎರಡು ಲೋಹಗಳು ಎದುರುಬದುರಾಗುವ ಕಡೆ, ಇಲ್ಲವೇ ಅಂಥದೊಂದಕ್ಕೆ ಮಾಮೂಲಿ ತಂತಿ ತಾಗುವ ಕಡೆ, ಒಂದು ಸಂದು ಇರುತ್ತದೆ. ಆ ಸಂದನ್ನು ಕರೆಂಟು ಹೇಗೆ ದಾಟುತ್ತದೆ ಎಂಬುದೇ ಮಾವನ ಸಂಶೋಧನೆ. ಯಂತ್ರವಿಲ್ಲ, ತಂತಿಯಿಲ್ಲ, ಪ್ರಯೋಗಶಾಲೆಯಿಲ್ಲ. ಇರುವುದು ಸೀಮೆಸುಣ್ಣ ಮತ್ತು ನಮ್ಮ ಮನೆಯ ಕರೀ ಕಡಪಾ ಕಲ್ಲಿನ ನೆಲ. ಪಡಸಾಲೆಯಿಂದ ಶುರುವಾದ ಸಮೀಕರಣ ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಿತ್ತು, ಯಾಕೆಂದರೆ ಅಲ್ಲಿಂದ ಆಚೆಗೆ ಅವ್ವನ ರಾಜ್ಯ.

ಇಷ್ಟು ಥಂಡಿಯ ವಿಷಯ ಹಿಡಿದವನು ಕೂತದ್ದು ಎಲ್ಲಿ? ಬಳ್ಳಾರಿಯಲ್ಲಿ! ಏಪ್ರಿಲ್ ತಿಂಗಳಲ್ಲಿ ನಲ್ಲಿಯ ನೀರಿಗೇ ಚಹಾಪುಡಿ ಹಾಕಬಹುದಾದ ಊರಲ್ಲಿ! ಹೆಗಲ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿಸುತ್ತ, ಜಗತ್ತಿನ ಅತಿ ತಣ್ಣನೆಯ ಮೂಲೆಯ ಲೆಕ್ಕ ಮಾಡುತ್ತಿದ್ದ. ಪಕ್ಕದ ಮನೆಯ ಖಾಜಾಬೀ ಒಂದು ದಿನ ಬಾಗಿಲಲ್ಲಿ ನಿಂತು ಅವ್ವನನ್ನು ಕೇಳಿದರು.

"ನಿಮ್ಮ ತಮ್ಮ ನೆಲದ ಮ್ಯಾಲೆ ಅದೇನ್ ಬರೀತಾನ್ರಿ ದಿನಾ?"

"ಭಾಳ ಥಂಡಿ ಇದ್ರ ಕರೆಂಟು ಹ್ಯಾಂಗ ದಾಟತೈತಿ ಅಂತ ಲೆಕ್ಕ ಹಾಕತಾನಂತ್ರಿ."

ಖಾಜಾಬೀ, "ಮೊದಲ ಥಂಡಿ ಬರಲಿ ಬಿಡ್ರಿ, ಆಮ್ಯಾಲೆ ನೋಡೂಣು" ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೋದರು. ಮಾವನ ಸಂಶೋಧನೆಗೆ ಸಿಕ್ಕ ಮೊದಲ ವಿಮರ್ಶೆ ಅದು.

ಅವನ ಹುಟ್ಟೂರು ಕುರುಗೋಡಿನಲ್ಲಿ ಅವನಿಗೆ "ಕರೆಂಟಿನ ಡಾಕ್ಟ್ರು" ಎಂದು ಹೆಸರು. ಡಾಕ್ಟರೇಟು ಬಂದ ವರ್ಷವೇ ಬಂದ ಬಿರುದು ಅದು. ಒಮ್ಮೆ ನಾವು ಅಲ್ಲಿಗೆ ಹೋದಾಗ ಬಾದನಹಟ್ಟಿಯಿಂದ ಇಬ್ಬರು ರೈತರು ಬೈಕಿನಲ್ಲಿ ಬಂದು, ಹೊಲದ ಹತ್ತಿರದ ಟ್ರಾನ್ಸ್‌ಫಾರ್ಮರು ಕೆಟ್ಟಿದೆ, ಡಾಕ್ಟ್ರು ಒಮ್ಮೆ ಬಂದು ನೋಡಬೇಕು ಎಂದರು. ನನಗೆ ಬರುವುದಿಲ್ಲ ಎಂದು ಹೇಳುವ ಮನುಷ್ಯನೇ ಅವನು? ಇಬ್ಬರ ನಡುವೆ ಕೂತು ಹೊರಟೇಬಿಟ್ಟ. ಕಂಬದ ಕೆಳಗೆ ನಿಂತು ಮೇಲೆ ನೋಡಿದ. ಸುತ್ತ ಹಾಕಿದ. ಇನ್ನೊಂದು ಬದಿಯಿಂದ ಮೇಲೆ ನೋಡಿದ. ಜನ ಉಸಿರು ಬಿಗಿಹಿಡಿದು ನಿಂತರು. ಕೊನೆಗೆ ಕರ್ಚೀಫಿನಿಂದ ಕನ್ನಡಕ ಒರೆಸಿಕೊಂಡು, "ಭಾಳ ಬಿಸಿ ಐತ್ರಿ" ಎಂದ. "ಇದನ್ನ ಪೂರಾ ಥಂಡಿ ಮಾಡಿದ್ರ ಯಾ ತೊಂದ್ರೀನೂ ಇರೂದಿಲ್ಲ."

ಆ ರೈತರು ಕೆಟ್ಟವರಲ್ಲ. ಚಹಾ ಕುಡಿಸಿ, ಒಂದು ಚೀಲ ಮೆಣಸಿನಕಾಯಿ ಕೊಟ್ಟು, ಮರ್ಯಾದೆಯಿಂದ ಮನೆಗೆ ಬಿಟ್ಟು ಹೋದರು.

ಅಪ್ಪ ತೀರಿಕೊಂಡಾಗ ಮಾವ ಒಂದು ಬ್ಯಾಗು ಹಿಡಿದು ನಮ್ಮ ಮನೆಗೆ ಬಂದ, ಅದನ್ನು ಕೆಳಗಿಟ್ಟು ಅವ್ವನ ಕೈ ಹಿಡಿದುಕೊಂಡ. "ನಾಕು ದಿನ ಇದ್ದು ಹೋಗ್ತೀನಿ" ಎಂದಿದ್ದ. ಆ ನಾಕು ದಿನ ಇನ್ನೂ ಮುಗಿದಿಲ್ಲ. ಅವ್ವನಿಗೂ ಅವನಿಗೂ ಯಾವುದರಲ್ಲೂ ಹೊಂದಿಕೆಯಿಲ್ಲ. ಅವಳು ಗಾಳಿಯಂತೆ ಓಡಾಡುವವಳು, ಇವನು ಕೂತಲ್ಲೇ ಬೇರು ಬಿಡುವವನು. ಅವಳಿಗೆ ಖಾರ ಬೇಕು, ಇವನಿಗೆ ಬೆಲ್ಲ. ಅವಳು ಮಾತು ಶುರುಮಾಡಿದರೆ ಇವನು ಸುಮ್ಮನಾಗುತ್ತಿದ್ದ. ಇವನು ಶುರುಮಾಡಿದರೆ ಅವಳು ಸುಮ್ಮನಾಗುತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಟ್ಟೆಗೆ ಬಿದ್ದಾಗ ಮಾವನ ಪಾಠ ಶುರು. "ಎರಡು ಅತಿವಾಹಕದ ನಡುವ ಸಣ್ಣ ಗ್ವಾಡಿ ಇಟ್ರೂ ಯಕ್ಕಾ, ಯಾರೂ ನೂಕದನ ಕರೆಂಟು ದಾಟತೈತಿ."

"ಯಾರೂ ನೂಕದನ ಎದ್ದು ಹೋಗೂದು ಈ ಮನ್ಯಾಗ ನೀ ಒಬ್ಬನ ನೋಡು, ಅದೂ ಊಟಕ್ಕ."

"ಅದರಾಗ ಎಲೆಕ್ಟ್ರಾನುಗಳು ಜೋಡಿಯಾಗಿ ತಿರುಗತಾವು. ಒಳಗ ಜೋಡಿಗಷ್ಟ ಪ್ರವೇಶ. ಒಂಟಿಯಾಗಿ ಬಂದ್ರ ಬಿಡೂದಿಲ್ಲ."

"ಜೋಡಿ ಅಂದ್ರ ಗಂಡ ಹೆಂಡ್ತಿ ಇದ್ದಂಗೇನು?"

"ಹಂಗೇನಿಲ್ಲ. ಒಂದು ಆ ಕಡಿಗಿ ಹೊಂಟ್ರ ಇನ್ನೊಂದು ಈ ಕಡಿಗಿ. ಒಂದು ಮ್ಯಾಲೆ ತಿರುಗಿದ್ರ ಇನ್ನೊಂದು ಕೆಳಗ. ಎಲ್ಲಾದ್ರಾಗೂ ಉಲ್ಟಾ ಇರಬೇಕು, ಅಷ್ಟ."

"ಹಂಗಂದ್ರ ಗಂಡ ಹೆಂಡ್ತೀನ" ಎಂದಳು ಅವ್ವ, ಮಿರ್ಚಿ ತಿರುವಿಹಾಕುತ್ತ.

ಆಮೇಲೆ ಬಂತು ಅವನಿಗೆ ಬಹಳ ಪ್ರೀತಿಯ ಭಾಗ. ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದವು. ಮಾಮೂಲಿ ತಂತಿಯಿಂದ ಒಂಟಿ ಎಲೆಕ್ಟ್ರಾನೊಂದು ಗಡಿಯವರೆಗೆ ಬರುತ್ತದೆ. ಒಳಗೆ ಬಿಡುವುದಿಲ್ಲ. ಹಾಗೆಂದು ಅದು ಮುಖ ತಿರುಗಿಸಿಕೊಂಡು ಹೋಗುವುದೂ ಇಲ್ಲ. ತನ್ನ ಕಡೆಯದೇ ಇನ್ನೊಂದನ್ನು ಜೊತೆಗೆ ಕರೆದುಕೊಳ್ಳುತ್ತದೆ. ಈಗ ಜೋಡಿಯಾಯಿತಲ್ಲ, ಎರಡೂ ಗಡಿ ದಾಟುತ್ತವೆ. ಹಾಗೆ ಜೊತೆಗೆ ಹೋದದ್ದರ ಜಾಗದಲ್ಲಿ ಒಂದು ಖಾಲಿ ಉಳಿಯುತ್ತದೆ. ಆ ಖಾಲಿ, ಮೊದಲ ಎಲೆಕ್ಟ್ರಾನು ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ನಡೆಯುತ್ತದೆ.

"ಖಾಲಿ ಹ್ಯಾಂಗಲೇ ನಡೀತೈತಿ? ಅದಕ್ಕೇನು ಕಾಲದಾವೇನು?"

"ಸಾಲಾಗಿ ಮಂದಿ ಕುಂತಾರ ಅನ್ಕೋ. ಮುಂದಿನವ ಎದ್ದು ಹ್ವಾದ. ಅವನ ಕುರ್ಚಿಗಿ ಹಿಂದಿನವ ಬಂದ, ಅವನದಕ್ಕ ಅವನ ಹಿಂದಿನವ ಬಂದ. ಮಂದಿ ಮುಂದ ಬಂದಂಗ ಖಾಲಿ ಕುರ್ಚಿ ಹಿಂದಕ್ಕ ಹೋತಿಲ್ಲ?"

ಅವ್ವ ಅವನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕುತ್ತ, "ಖಾಲಿ ಕುರ್ಚಿ ಲೆಕ್ಕ ಮಾಡಾಕ ನಿನಗ ಪಗಾರ ಕೊಡ್ತಾರಲ್ಲ, ಅವರನ್ನ ಅನ್ನಬೇಕು" ಎಂದಳು.

ಮಾವನಿಗೆ ಹೆಣ್ಣು ನೋಡುವ ಪ್ರಯತ್ನವೂ ನಡೆದಿತ್ತು. ಅವ್ವ ಅವನನ್ನು ಸಿರಿಗೇರಿಗೆ ಎಳೆದುಕೊಂಡು ಹೋಗಿದ್ದಳು. ಅವಲಕ್ಕಿ, ಚಹಾ ಎಲ್ಲ ಆಯಿತು. ಹುಡುಗಿಯ ತಂದೆ, "ಮಾತಾಡೂದಿದ್ರ ಮಾತಾಡ್ರಿ" ಎಂದು ಔದಾರ್ಯ ತೋರಿಸಿದರು. ಮಾವ ಕಿಸೆಯಿಂದ ಸೀಮೆಸುಣ್ಣ ತೆಗೆದ. ಅವರ ಕೆಂಪು ಗಾರೆಯ ನೆಲದ ಮೇಲೆ ಗಡಿ ಎಳೆದ, ಬಾಣ ಬರೆದ, ಜೋಡಿಗಳನ್ನು ಕೂರಿಸಿದ. ಒಳಗಿನಿಂದ ಬಂದ ಅಜ್ಜಿ ಇದೇನೋ ಕುಂಡಲಿ ಇರಬೇಕೆಂದು ಕೈ ಮುಗಿದು ಹೋದಳು. ಬಿಸಿಲು ಅಂಗಳ ದಾಟಿ ಪಡಸಾಲೆಗೆ ಬಂದರೂ ಗಡಿ ದಾಟುವ ಕೆಲಸ ಮುಗಿಯಲಿಲ್ಲ. "ತಿಳೀತೇನ್ರಿ?" ಎಂದು ಕೇಳಿದಾಗ ಹುಡುಗಿ ಪಾಪ, "ಇಲ್ರಿ" ಎಂದಳು. ಮಾವನಿಗೆ ಅವಳ ಪ್ರಾಮಾಣಿಕತೆ ಹಿಡಿಸಿ ಮೊದಲಿನಿಂದ ಶುರುಮಾಡಿದ.

ಹುಡುಗ ಒಳ್ಳೆಯವನೇ, ಆದರೆ ನೆಲ ತೊಳೆದು ಸಾಕಾಯಿತು ಎಂದು ಅವರು ಹೇಳಿಕಳಿಸಿದರು. ಅವ್ವ ತಿಂಗಳುಗಟ್ಟಲೆ ಅದನ್ನೇ ಹಾಡಿದಳು: "ಹಗಲೂ ರಾತ್ರಿ ಜೋಡಿ ಜೋಡಿ ಅಂತಾನ, ತನಗೊಂದು ಜೋಡಿ ಸಿಗಲಿಲ್ಲ." ಮಾವ ಮಾತ್ರ ಬೇಜಾರಿಲ್ಲದೆ ಪಡಸಾಲೆಯಲ್ಲಿ ಕೂತು ಬೆಲ್ಲ ಕಡಿಯುತ್ತಿದ್ದ.

ಇಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಅಪ್ಪನ ಊರು ಸಿರುಗುಪ್ಪದಲ್ಲಿ ಮದುವೆ, ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಎಲ್ಲದರ ಮುಂದಾಳು. ಅಕ್ಕಿ ಗಿರಣಿ ನಡೆಸುವ ದೊಡ್ಡಪ್ಪ ಒಳ್ಳೆಯ ಮನುಷ್ಯ, ಆದರೆ ಪದ್ಧತಿ ಎಂದರೆ ಪದ್ಧತಿ. ಅಪ್ಪ ಇಲ್ಲದ್ದರಿಂದ ದೊಡ್ಡಪ್ಪ ದೊಡ್ಡಮ್ಮ ಧಾರೆ ಎರೆಯುವುದೆಂದು ತೀರ್ಮಾನವಾಯಿತು. ಧಾರೆಗೆ ಜೋಡಿಯೇ ಬೇಕು. ಅವ್ವ ತಾನಾಗಿಯೇ, "ನಾ ಹಿಂದ ಅಡಿಗಿ ಕಡಿಗಿ ಇರತೀನಿ, ಅಲ್ಲೂ ಒಬ್ಬರು ನೋಡಾಕ ಬೇಕಲ್ಲ" ಎಂದಳು. ಅಷ್ಟು ಹಗುರಾಗಿ ಹೇಳಿದಳು, ಯಾರಿಗೂ ಏನೂ ಅನ್ನಿಸಲಿಲ್ಲ.

ನನಗೆ ಅನ್ನಿಸಿತು. ನನ್ನನ್ನು ಬೆಳೆಸಿದ ಕೈ ನನ್ನ ಧಾರೆಗೆ ಬೇಡವೆ? ದೊಡ್ಡಪ್ಪನ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ಮಾವನ ಹತ್ತಿರ ಹೋಗಿ, "ಧಾರಿ ಹೊತ್ತಿಗಿ ಅವ್ವ ನನ್ನ ಹತ್ರ ಇರಬೇಕು ಮಾವ, ನನಗ ಬ್ಯಾರೆ ಏನೂ ಬ್ಯಾಡ" ಎಂದೆ. ಅವನು ನೆಲದಿಂದ ತಲೆ ಎತ್ತದೆ, "ನೋಡೂಣು" ಎಂದ. ನನಗೆ ಬಚ್ಚಲುಮನೆಯ ಬಲ್ಬು ನೆನಪಾಯಿತು.

ಮದುವೆಯ ದಿನ ಸೋದರಮಾವನ ಕೆಲಸ ಅವನಿಗಿತ್ತು, ನನ್ನನ್ನು ಕರೆತಂದು ಮಂಟಪದಲ್ಲಿ ಕೂರಿಸುವುದು. ಹೊಸ ಅಂಗಿಯ ಗುಂಡಿಗಳನ್ನು ಒಂದೊಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ. ಕೂರಿಸಿದ, ನನ್ನ ತಲೆಯ ಮೇಲೆ ಕೈಯಿಟ್ಟ, ಮಾಯವಾದ. ಸಭೆಯಲ್ಲೆಲ್ಲ ಕಣ್ಣಾಡಿಸಿದೆ. ಇಲ್ಲ. ಅವ್ವ ದೂರದಲ್ಲಿ, ಅಡುಗೆಮನೆಯ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕೂತು ಕತ್ತು ಉದ್ದಮಾಡಿ ನೋಡುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ, ತಲೆ ತಗ್ಗಿಸಿದೆ.

ಮದುವೆ ಮಾಡಿಸುತ್ತಿದ್ದ ಅಯ್ಯನವರು ಧಾರೆಗೆ ಕರೆದರು. ದೊಡ್ಡಪ್ಪ ದೊಡ್ಡಮ್ಮ ಮೇಲೆ ಬಂದು ನಿಂತರು. ಅಷ್ಟರಲ್ಲಿ ಸಭೆಯ ನಡುವಿನ ದಾರಿಯಲ್ಲಿ ಗುಸುಗುಸು. ನೋಡುತ್ತೇನೆ, ಮಾವ ಬರುತ್ತಿದ್ದಾನೆ! ಒಂದು ಕೈಯಲ್ಲಿ ಅವ್ವನ ಕೈ, ಇನ್ನೊಂದು ಕೈಯಲ್ಲಿ ಅವ್ವನ ಕುರ್ಚಿ! ಅಲ್ಲೇ ಕೂತಿರುತ್ತೇನೆ ಎಂದು ಅವಳು ಹಟ ಹಿಡಿದಳಂತೆ. ಹಾಗಾದರೆ ಕುರ್ಚಿ ಸಮೇತ ಬಾ ಎಂದನಂತೆ. ಮಂಟಪದ ಮೆಟ್ಟಿಲ ಬಳಿ ಕುರ್ಚಿ ಇಳಿಸಿ, ಅವ್ವನನ್ನು ಮೇಲೆ ಹತ್ತಿಸಿದ.

"ಏನಪಾ ಇದು?" ಎಂದರು ದೊಡ್ಡಪ್ಪ. "ಧಾರಿಗಿ ಜೋಡಿ ಬೇಕು."

"ಜೋಡಿನ ತಂದೀನ್ರಿ. ನಾನು, ನಮ್ಮಕ್ಕ."

"ಗಂಡ ಹೆಂಡ್ತಿ ಬೇಕಪಾ."

"ಜೋಡಿ ಅಂದ್ರ ಎಲ್ಲಾದ್ರಾಗೂ ಉಲ್ಟಾ ಇರಬೇಕ್ರಿ. ನಾನು ನಮ್ಮಕ್ಕ ಹುಟ್ಟಿದಾಗಿಂದ ಉಲ್ಟಾ ಅದೀವಿ. ಇಡೀ ಕುರುಗೋಡಿನ ಮಂದೀನ ಕೇಳ್ರಿ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಅಯ್ಯನವರ ಮುಖ ನೋಡಿದರು. ಅಯ್ಯನವರು ಅವ್ವನ ಮುಖ ನೋಡಿದರು. "ತಾಯಿ ಕೈಯಿಂದ ನೀರು ಬಿದ್ರ ಕೆಟ್ಟದ್ದಾಗತೈತಿ ಅಂತ ಹೇಳಾಕ ನನಗ ಬಾಯಿ ಬರೂದಿಲ್ರಿ ಯಜಮಾನ್ರ" ಎಂದರು. ಆಗ ನಮ್ಮ ದೊಡ್ಡಮ್ಮ ತನ್ನ ಕೈಯಲ್ಲಿದ್ದ ತಂಬಿಗೆಯನ್ನು ಅವ್ವನ ಕೈಗೆ ಕೊಟ್ಟಳು. "ಹಿಡಿ ತಂಗಿ, ನನಗ ಮೊಣಕಾಲು ನೋವು, ನಿಂದ್ರಾಕ ಆಗವಲ್ದು." ಬೆಳಿಗ್ಗೆಯಿಂದ ದೊಡ್ಡಮ್ಮ ಛತ್ರದ ಮೆಟ್ಟಿಲನ್ನು ಹತ್ತಿ ಇಳಿದು ಮಾಡಿದ್ದನ್ನು ನಾನೇ ನೋಡಿದ್ದೆ. ದೊಡ್ಡಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ನನ್ನ ಕೈಮೇಲೆ ನೀರು ಬಿತ್ತು. ಅದು ತಂಬಿಗೆಯದಷ್ಟೇ ಆಗಿರಲಿಲ್ಲ.

ಮಿಕ್ಕದ್ದನ್ನು ನಾನು ಆಮೇಲೆ ವಿಡಿಯೋದಲ್ಲಿ ನೋಡಿದ್ದು. ಮೆಟ್ಟಿಲ ಬಳಿ ಉಳಿದ ಅವ್ವನ ಕುರ್ಚಿ ಫೋಟೋದವನಿಗೆ ಅಡ್ಡ ಬರುತ್ತದೆ. "ಚೇರು ತೆಗೀರಿ, ಚೇರು" ಎನ್ನುತ್ತಾನೆ. ಮುಂದಿನ ಸಾಲಿನವರು ಅದನ್ನೆತ್ತಿ ಹಿಂದಿನವರಿಗೆ ಕೊಡುತ್ತಾರೆ, ಅವರು ಅವರ ಹಿಂದಿನವರಿಗೆ. ಖಾಲಿ ಕುರ್ಚಿ ಜನರ ತಲೆಯ ಮೇಲೆ, ಬಂದ ದಾರಿಯಲ್ಲೇ, ಅಡುಗೆಮನೆಯ ಬಾಗಿಲವರೆಗೆ ನಡೆದು ಹೋಗುತ್ತದೆ. ಎಲ್ಲರೂ ಅವ್ವನನ್ನು ನೋಡುತ್ತಿದ್ದಾರೆ. ಮಾವನೊಬ್ಬನೇ ಬಾಯಿ ತೆರೆದು ಆ ಕುರ್ಚಿಯನ್ನು ನೋಡುತ್ತಿದ್ದಾನೆ, ಅವನ ಮುಖದಲ್ಲಿ ಮಗುವಿನ ಖುಷಿ. ನಾನೂ ನಗುತ್ತಲೇ ನೋಡುತ್ತಿದ್ದೆ. ಆಮೇಲೆ ಅವನ ಕೈ ಕಂಡಿತು. ತಂಬಿಗೆ ಹಿಡಿದ ಅವ್ವನ ಕೈ ನನ್ನ ಕೈಮೇಲೆ ನೀರು ಬಿಡುತ್ತಿದೆ. ಮಾವನ ಕಣ್ಣು ಕುರ್ಚಿಯ ಮೇಲಿದ್ದರೂ ಕೈ ಮಾತ್ರ ಆ ಕೈಯ ಕೆಳಗಿದೆ, ಅಪ್ಪ ಹೋದ ದಿನ ಬ್ಯಾಗು ಕೆಳಗಿಟ್ಟು ಹಿಡಿದುಕೊಂಡನಲ್ಲ, ಹಾಗೆಯೇ, ಬಿಡದೆ.