ಭಾವನ ಮಡಿ ವೈರು

ನಮ್ಮ ಭಾವನ ಮನೆಯಲ್ಲಿ ನೀವು ಸ್ನಾನ ಮಾಡದೆ ದೇವರ ಮನೆಗೆ ನುಗ್ಗಿದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಹಾಲಿನ ಮೂಲೆಯಲ್ಲಿರುವ ನೀಲಿ ವೈರನ್ನು ಮಾತ್ರ ಮುಟ್ಟಬೇಡಿ! ಅದು ಮಡಿಯಲ್ಲಿದೆ.

ಮಡಿ ಅನ್ನುವ ಶಬ್ದ ನನ್ನದಲ್ಲ, ಸಾಕ್ಷಾತ್ ಭಾವನದೇ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ತಾಯಿಯ ಮಡಿಸೀರೆಯನ್ನು ಬೇಕೆಂದೇ ಮುಟ್ಟಿ ಬೈಸಿಕೊಳ್ಳುತ್ತಿದ್ದ ಈ ಮಹಾನುಭಾವ, ಈಗ ಅಮೆರಿಕದ ಪ್ಲೇನೋದ ಮನೆಯಲ್ಲಿ ಇಂಟರ್‌ನೆಟ್ಟಿಗೆ ಮಡಿ-ಮೈಲಿಗೆ ಕಲಿಸುತ್ತಿದ್ದಾರೆ. ಹಾಡು ತರುವ ವೈರು ಮಡಿ. ಟಿವಿ, ಪ್ರಿಂಟರುಗಳ ವೈರು ಮೈಲಿಗೆ. ಒಂದಕ್ಕೊಂದು ತಾಗಕೂಡದು. ಅಡ್ಡ ಹಾಯಲೇಬೇಕಾದ ಕಡೆ ನಡುವೆ ಒಂದು ಮರದ ತುಂಡು! ಮೈಕ್ರೋವೇವ್ ಅಂತೂ ಪರಮ ಮೈಲಿಗೆಯಾಗಿ ಗರಾಜಿಗೆ ಗಡೀಪಾರಾಗಿತ್ತು. ಟೆಕ್ಸಸ್ಸಿನ ಆಗಸ್ಟ್ ತಿಂಗಳಲ್ಲಿ ಅನ್ನದ ಬಟ್ಟಲು ಹಿಡಿದು ಆ ಗರಾಜಿಗೆ ಹೋದರೆ ಮೈಕ್ರೋವೇವ್ ಆನ್ ಮಾಡುವ ಅಗತ್ಯವೇ ಬೀಳುವುದಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಯಾಕೆ ಅಂತೀರಾ? ಭಾವ ಹಾಡನ್ನು ಇಂಟರ್‌ನೆಟ್ಟಿನಿಂದ ತರಿಸಿಕೊಂಡು, ಎದೆಯೆತ್ತರದ ಎರಡು ಸ್ಪೀಕರುಗಳಲ್ಲಿ ಕೇಳುವವರು. ಹಾಡು ವೈರಿನಲ್ಲಿ ಬರುವಾಗ ರೂಟರು, ಚಾರ್ಜರುಗಳ ಕೊಳಕು ಕರೆಂಟೂ ಅದರ ಬೆನ್ನೇರಿ ಬಂದು ಸದ್ದು ಕೆಡಿಸುತ್ತದೆ ಎಂಬುದು ಅವರ ಸಿದ್ಧಾಂತ. ಅದಕ್ಕೆ ನೆಟ್‌ವರ್ಕ್ ನಾಯ್ಸ್ ಎಂದು ಹೆಸರು. ನಾನು ಆಸ್ಟಿನ್‌ನಲ್ಲಿ ಹೊಟ್ಟೆಪಾಡಿಗೆ ಮಾಡುವುದೇ ನೆಟ್‌ವರ್ಕ್ ಇಂಜಿನಿಯರ್ ಕೆಲಸ. ಭಾವ ಲಾಸ್ ಕೊಲಿನಾಸ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುವವರು. ಆದರೂ ಪಾಠ ಹೇಳುವುದು ಅವರು, ಕೇಳುವುದು ನಾನು.

"ಭಾವ, ವೈರಿನಲ್ಲಿ ಬರೋದು ಬರೀ ಸೊನ್ನೆ, ಒಂದು. ಸೊನ್ನೆಗೆ ಕೊಳೆ ಹತ್ತಲ್ಲ."

"ನಿಮ್ಮ ಕಾಲೇಜಿನಲ್ಲಿ ಹಾಗೆ ಹೇಳಿಕೊಟ್ಟಿರಬಹುದು ಕಣಮ್ಮ. ಆದರೆ ನಿಮ್ಮಕ್ಕನಿಗೆ ಕೇಳಿಸ್ತಿದೆಯಲ್ಲ?"

ಅಲ್ಲಿಗೆ ನನ್ನ ಕೇಸು ವಜಾ! ಯಾಕೆಂದರೆ ಅಕ್ಕನ ಕಿವಿ ನಮ್ಮ ಮನೆತನದ ಸುಪ್ರೀಂ ಕೋರ್ಟು. ಅವಳು ಸಂಗೀತದ ಟೀಚರ್. ಪ್ಲೇನೋದಲ್ಲಿರುವ ಕನ್ನಡದ ಮಕ್ಕಳಲ್ಲಿ ಅರ್ಧ ಜನ ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಸರಳೆ ವರಸೆ ಕಲಿತವರು. ಸೀಲಿಂಗ್ ಫ್ಯಾನು ಯಾವ ಸ್ವರದಲ್ಲಿ ತಿರುಗುತ್ತಿದೆ ಎಂದು ಹೇಳಬಲ್ಲವಳು, ಒಂದು ದಿನ ಸೋಫಾದಲ್ಲಿ ಕೂತು ಹಾಡು ಕೇಳುತ್ತಾ ಹುಬ್ಬು ಗಂಟಿಕ್ಕಿದಳು. "ಹಿಂದುಗಡೆ ಏನೋ ಜುಂಯ್ ಅಂತಿದೆ ಕಣ್ರೀ" ಅಂದಳು. ಆಮೇಲೆ ಯಾಕೋ ತಾನು ಹಾಡುವುದನ್ನೂ ಕಡಿಮೆ ಮಾಡಿದಳು. ಪಾಠದ ಮಕ್ಕಳಿಗೆ ಸ್ವಲ್ಪ ದಿನ ಬರಬೇಡಿ ಅಂದಳು. ಅಂದಿನಿಂದ ಭಾವನಿಗೆ ಬೇಕಾಗಿದ್ದದ್ದು ಒಂದೇ. ಅಕ್ಕ ಕಣ್ಣು ಮುಚ್ಚಿ ಕೇಳಿ, "ಈಗ ಸರಿಹೋಯ್ತು" ಅನ್ನಬೇಕು, ಮತ್ತೆ ಪಾಠಕ್ಕೆ ಕೂರಬೇಕು.

ಬೇರೆಯವರು ಹೆಂಡತಿಗೆ ಸೀರೆ ತರುತ್ತಾರೆ. ನಮ್ಮ ಭಾವ ಸ್ವಿಚ್ ತಂದರು! ದೀಪದ ಸ್ವಿಚ್ಚಲ್ಲ, ನೆಟ್‌ವರ್ಕಿನ ವೈರುಗಳೆಲ್ಲ ಬಂದು ಸೇರುವ ಡಬ್ಬಿ. ಅದಕ್ಕೊಂದು ಪ್ರತ್ಯೇಕ ಶೆಲ್ಫು, ಅದಕ್ಕೆಂದೇ ಇಟ್ಟಿಗೆಗಿಂತ ಭಾರದ ಪವರ್ ಸಪ್ಲೈ. ಎಲ್ಲ ಜೋಡಿಸಿ ಅಕ್ಕನನ್ನು ಸೋಫಾದಲ್ಲಿ ಕೂರಿಸಿದರು.

"ಹೇಗಿದೆ?"

"ಚೆನ್ನಾಗಿದೆ ಕಣ್ರೀ. ಆದರೆ ಜುಂಯ್ ಇದೆ."

"ಸ್ವಲ್ಪನಾದ್ರೂ ಕಮ್ಮಿ ಆಗಿದೆಯಾ?"

"ಕಮ್ಮಿ ಆಗಿಲ್ಲ. ಎಡಗಡೆಗೆ ಹೋಗಿದೆ."

ಎಡಗಡೆಗೆ ಇದ್ದದ್ದು ಅಡುಗೆಮನೆ. ಅಡುಗೆಮನೆಯಲ್ಲಿ ಇದ್ದದ್ದು ಫ್ರಿಜ್. ಪಾಪ, ಅದರ ಗ್ರಹಚಾರ!

ಆ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದವರು ಅದನ್ನು ಇನ್ನೂ ಮರೆತಿಲ್ಲ. ಪೂಜೆಯ ನಂತರ ಭಾವ ಎಲ್ಲರಿಗೂ ಶುದ್ಧ ಸಂಗೀತ ಕೇಳಿಸುವ ಹುಮ್ಮಸ್ಸಿನಲ್ಲಿ ವೈಫೈ ಆಫ್ ಮಾಡಿದರು, ಫ್ರಿಜ್ ಆಫ್ ಮಾಡಿದರು, ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಅಪ್ಪಣೆ ಕೊಟ್ಟರು. "ಆಂಟಿ, ಮೊದಲು ಫೋನ್ ಏರ್‌ಪ್ಲೇನ್ ಮೋಡಿಗೆ ಹಾಕಿ, ಆಮೇಲೆ ಅರಿಶಿನ ಕುಂಕುಮ ತಗೊಳ್ಳಿ!" ಉಡುಪಿಯಲ್ಲಿದ್ದ ಅತ್ತೆಗೆ ವೀಡಿಯೋದಲ್ಲಿ ಕಳಶ ತೋರಿಸುತ್ತಿದ್ದ ಹೆಂಗಸೊಬ್ಬರ ಮುಖ ಕಪ್ಪಿಟ್ಟಿತು. ಫ್ರೀಜರಿನಲ್ಲಿದ್ದ ಮಾವಿನ ಐಸ್‌ಕ್ರೀಮು ಪಾಯಸದ ಹದಕ್ಕೆ ಇಳಿಯಿತು. ಒಬ್ಬ ಪುಟ್ಟ ಹುಡುಗಿ ನನ್ನ ಸೀರೆ ಜಗ್ಗಿ, "ಆಂಟಿ, ಈಸ್ ದ ಪವರ್ ಕಟ್ ಪಾರ್ಟ್ ಆಫ್ ದ ಪೂಜಾ?" ಎಂದು ಕೇಳಿದಳು. ಹೌದು ಪುಟ್ಟಾ, ಈ ಮನೆಯಲ್ಲಿ ಹೌದು ಅಂದೆ.

ಇನ್ನೊಂದು ಸಲ, ಹ್ಯೂಸ್ಟನ್ನಿನ ಹತ್ತಿರ ದ ವುಡ್‌ಲ್ಯಾಂಡ್ಸ್‌ನಲ್ಲಿ ಇದೇ ಹುಚ್ಚಿನ ಇನ್ನೊಬ್ಬರಿದ್ದಾರೆಂದು ತಿಳಿದು ಅಕ್ಕನನ್ನೂ ಕರೆದುಕೊಂಡು ಅಷ್ಟು ದೂರ ಡ್ರೈವ್ ಮಾಡಿದರು. ಬರುವಾಗ ಗಾಜಿನ ಎಳೆಯ ಕೇಬಲ್ ತಂದರು. "ಗಾಜಿನಲ್ಲಿ ಬೆಳಕು ಮಾತ್ರ ಹರಿಯುತ್ತೆ, ಕರೆಂಟು ಹರಿಯಲ್ಲ. ಕೊಳೆಯೆಲ್ಲ ಆ ಕಡೇನೇ ಉಳಿದುಹೋಗುತ್ತೆ!" ಈ ಮಾತು ಮಾತ್ರ ನೂರಕ್ಕೆ ನೂರು ಸತ್ಯ, ನಾನೂ ಒಪ್ಪಿದೆ. ಆದರೆ ಮಡಚಿದರೆ ಮುರಿದೀತೆಂದು ಆ ಕೇಬಲ್ಲನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ, ಅಕ್ಕನನ್ನು ಹಿಂದಿನ ಸೀಟಿಗೆ ಕಳಿಸಿದ್ದರಂತೆ. ಇಷ್ಟಾಗಿಯೂ ಜುಂಯ್ ಹೋಗಲಿಲ್ಲ.

ಹೋದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾನು ಆಸ್ಟಿನ್‌ನಿಂದ ಒಂದು ಸಂಚು ಹೂಡಿಕೊಂಡೇ ಹೋದೆ. ಭಾವ ಕೊತ್ತಂಬರಿ ಸೊಪ್ಪು ತರಲು ಹೊರಟದ್ದೇ ತಡ, ಆ ಗಾಜಿನ ಕೇಬಲ್ಲು, ಸ್ವಿಚ್ಚು, ಎಲ್ಲವನ್ನೂ ಕಿತ್ತೆ. ಪ್ರಿಂಟರಿಗೆ ಹಾಕಿದ್ದ ಮೈಲಿಗೆ ವೈರನ್ನು ತಂದು ನೇರವಾಗಿ ಸಿಕ್ಕಿಸಿದೆ. ಭಾವ ಬಂದು ಕೇಳಿ, ಆಹಾ ಓಹೋ ಅನ್ನಬೇಕು. ನಾನು ವೈರು ಎತ್ತಿ ತೋರಿಸಬೇಕು. ಹೊಟ್ಟೆ ಹಿಡಿದುಕೊಂಡು ನಗಬೇಕು. ಇದು ನನ್ನ ಪ್ಲಾನು!

ಭಾವ ಬಂದರು. ಹಾಡು ಹಾಕಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತಳು, ಕಣ್ಣು ಮುಚ್ಚಿದಳು.

"ನಿನ್ನೆ ಹೇಗಿತ್ತೋ ಹಾಗೇ ಇದೆ," ಎಂದು ಎದ್ದು ಒಳಗೆ ಹೋದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವನ ಕಣ್ಣು ಶೆಲ್ಫಿನ ಮೇಲೆ ಬಿತ್ತು. ಪ್ರಿಂಟರಿನ ವೈರು ನೋಡಿದರು. ಬೈಯಲಿಲ್ಲ. "ಬಾಮ್ಮ, ಗರಾಜಿನಲ್ಲಿ ಸ್ವಲ್ಪ ಕೆಲಸ ಇದೆ" ಅಂದರು.

ಗರಾಜಿನಲ್ಲಿ ಮೈಕ್ರೋವೇವಿನ ಪಕ್ಕ ನಿಂತು ನಾನು ಸಾರಿ ಹೇಳಲು ಹೊರಟೆ. ಅವರು ತಡೆದರು.

"ನನಗೆ ಆ ಜುಂಯ್ ಒಂದು ದಿನಾನೂ ಕೇಳಿಸಿಲ್ಲ ಕಣಮ್ಮ."

"ಮತ್ತೆ ಇದೆಲ್ಲ ಯಾಕೆ ಭಾವ?"

"ಸ್ಪೀಕರ್ ಆಫ್ ಆದ ಮೇಲೂ ಅವಳಿಗೆ ಅದು ಕೇಳಿಸ್ತಿರುತ್ತೆ. ಅವಳ ಮುಖ ನೋಡಿದರೆ ಗೊತ್ತಾಗುತ್ತೆ. ಅವಳು ಹೇಳಿಲ್ಲ, ನಾನು ಕೇಳಿಲ್ಲ. ವೈರೆಲ್ಲ ಸರಿಮಾಡಿ ಮುಗಿಸಿಬಿಟ್ಟರೆ ಆಮೇಲೆ ಉಳಿಯೋದು ಅವಳ ಕಿವಿ ಒಂದೇ. ಅವಳಿಗಿರೋದೇ ಆ ಕಿವಿ. ಅದಕ್ಕೇ ಯಾವುದೋ ಒಂದು ವೈರು ಬಾಕಿ ಇಟ್ಕೊಂಡೇ ಬಂದಿದ್ದೀನಿ."

ಇಷ್ಟು ದಿನ ಈ ಮನುಷ್ಯನನ್ನು ಹುಚ್ಚ ಎಂದು ಆಡಿಕೊಂಡು ನಕ್ಕೆನಲ್ಲ!

ಬಾಗಿಲ ಹತ್ತಿರ ಸದ್ದಾಯಿತು. ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಇನ್ನು ಯಾವ ವೈರು ಬಾಕಿ ಇದೆ ರೀ?"

"ಪವರ್ ಕಾರ್ಡು… ಅದೊಂದೇ," ಅಂದರು ಭಾವ, ತಲೆ ಎತ್ತದೆ.

"ಅದು ಬೇಡ ಬಿಡಿ. ಜುಂಯ್ ಇರೋದು ನನ್ನ ಕಿವಿಯಲ್ಲೇ ಅಂತ ಫ್ರಿಜ್ ಆಫ್ ಮಾಡಿದ ದಿನವೇ ನನಗೆ ಗೊತ್ತಾಗಿತ್ತು. ನೀವು ಅಷ್ಟು ಒದ್ದಾಡ್ತಿದ್ರಿ, ಹೇಳೋಕೆ ಮನಸ್ಸು ಬರಲಿಲ್ಲ. ನನಗೂ ಭಯ ಇತ್ತು. ಡಾಕ್ಟರ್ ಹತ್ರ ಹೋಗೋಣ. ನೀವು ಪಕ್ಕದಲ್ಲಿ ಇರಬೇಕು, ಅಷ್ಟೆ."

ಹೋದರು. ಈಗ ಅಕ್ಕನ ಎರಡೂ ಕಿವಿಗೆ ಪುಟ್ಟ ಹಿಯರಿಂಗ್ ಏಡ್ ಬಂದಿದೆ. ಜುಂಯ್ ಪೂರ್ತಿ ಹೋಗುವುದಿಲ್ಲವಂತೆ, ಆದರೆ ಹಿಂದೆ ಸರಿದು ಕೂತಿದೆಯಂತೆ. ಭಾವ ಕಾದಿದ್ದ "ಸರಿಹೋಯ್ತು" ಅನ್ನುವ ಮಾತು ಬರಲಿಲ್ಲ. "ಈಗ ಪರವಾಗಿಲ್ಲ ಕಣ್ರೀ" ಅಂದಳು. ಅಷ್ಟಕ್ಕೇ ಅವರು ಬಾತ್‌ರೂಮಿಗೆ ಹೋಗಿ ತುಂಬಾ ಹೊತ್ತು ಮುಖ ತೊಳೆದುಕೊಂಡರು. ಶನಿವಾರದ ಪಾಠ ಮತ್ತೆ ಶುರುವಾಗಿದೆ. ಮಕ್ಕಳು ಮನೆ ಕಿತ್ತುಹೋಗುವ ಹಾಗೆ ಅಪಸ್ವರ ಹಾಡುತ್ತಾರೆ. ಮೈಕ್ರೋವೇವ್ ಅಡುಗೆಮನೆಗೆ ವಾಪಸ್ಸಾಗಿದೆ.

ಮೊನ್ನೆ ಹೋದಾಗ ಫೋನ್ ಚಾರ್ಜಿಗೆ ಹಾಕಲು ಜಾಗ ಹುಡುಕುತ್ತಾ ಆ ಶೆಲ್ಫಿನ ಹತ್ತಿರ ಹೋದೆ. ಸ್ವಿಚ್ ಇರಲಿಲ್ಲ. ಅದರ ಜಾಗದಲ್ಲಿ ಒಂದು ಚಿಕ್ಕ ಡಬ್ಬಿ, ಅದರೊಳಗೆ ಅಕ್ಕನ ಹಿಯರಿಂಗ್ ಏಡುಗಳು ಚಾರ್ಜ್ ಆಗುತ್ತಿದ್ದವು. ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸೋಣ ಎಂದು ಕೈ ಚಾಚಿದೆ ನೋಡಿ, ಅಡುಗೆಮನೆಯಿಂದ ಭಾವ ಕೂಗಿದರು:

"ಏಯ್, ಮುಟ್ಟಬೇಡ! ಅದು ಮಡಿ!"