ಟೇಪು ಹಿಡಿದ ಭಾವ

ನೀರು ಕಂಡರೆ ಕಾಲು ನಡುಗುವವರನ್ನೇ ಹುಡುಕಿ ಹುಡುಕಿ ಸರ್ಕಾರ ಸೇತುವೆ ಕಟ್ಟಲು ಕಳಿಸುತ್ತದೆಯೆ? ನಮ್ಮ ಭಾವನನ್ನು ನೋಡಿದ ಯಾರಿಗೂ ಈ ಅನುಮಾನ ಬರಲೇಬೇಕು. ಮಹಾರಾಜರ ಕಾಲದ ಓವರ್ಸಿಯರ್ ಎಂದರೆ ಸಾಮಾನ್ಯವೆ? ತಲೆಗೆ ರುಮಾಲು, ಮೈಗೆ ಮುಚ್ಚುಕೋಟು, ಎದುರು ಬಂದವರೆಲ್ಲ ನಮಸ್ಕಾರ ಹಾಕುವಷ್ಟು ಮರ್ಯಾದೆ. ಇಷ್ಟಿದ್ದೂ ಊರಾಚೆ ದೂರದ ಗಾಡಿಸೇತುವೆಯನ್ನು ದಾಟುವಾಗ ನನ್ನ ತೋಳು ಹಿಡಿದುಕೊಂಡು ನಟ್ಟನಡುವೆಯೇ ನಡೆಯುತ್ತಿದ್ದರು! ಹಿಂದಿನ ಗಾಡಿಯವನು ಕೂಗಿಕೊಂಡರೂ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಇದನ್ನು ನಾನು ಪೇಟೆಯಲ್ಲೆಲ್ಲ ಹೇಳಿ ನಗಿಸುತ್ತಿದ್ದೆ.

ಅವರು ನನ್ನ ಅಕ್ಕನ ಗಂಡ. ಒಬ್ಬಳೇ ಮಗಳು ಪುಟ್ಟಿ ಜ್ವರ ಬಂದು ತೀರಿಕೊಂಡಳೆಂದು ಅಕ್ಕ ಸರಗೂರಿನಿಂದ ಕಾಗದ ಬರೆದಿದ್ದಳು. ಆಮೇಲೆ ಭಾವನಿಗೆ ಹುಣಸೂರಿಗೆ ವರ್ಗವಾಗಿ, ಇಬ್ಬರೂ ನಮ್ಮ ಮನೆಯಲ್ಲೇ ಇಳಿದರು. ನಾನು ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಆಗ ಪೇಟೆಯಿಂದ ಹೊಳೆಯಾಚೆಗೆ ನಡೆದು ಹೋಗುವವರಿಗೆ ಬಂಡೆಯಿಂದ ಬಂಡೆಗೆ ಹಾಕಿದ ಮರದ ದಿಮ್ಮಿಗಳೇ ಗತಿ. ಮಳೆಗಾಲದಲ್ಲಿ ಅವುಗಳ ಮೇಲೆ ಕಾಲಿಡುವಾಗ ಮನೆದೇವರನ್ನು ನೆನೆಯದವರಿರಲಿಲ್ಲ. ಭಾವ ಅತ್ತ ಮುಖ ಮಾಡಿ ನೋಡುತ್ತಲೂ ಇರಲಿಲ್ಲ. ಅಲ್ಲೇ ಒಂದು ಮರದ ಕಾಲುಸೇತುವೆ ಕಟ್ಟಿಸುವ ಕೆಲಸ ಅವರ ತಲೆಗೇ ಬಂತು!

ಬೇರೆ ಓವರ್ಸಿಯರುಗಳು ಹೊಳೆಯನ್ನು ಅಳೆಯುತ್ತಾರೆ. ಭಾವ ಅದನ್ನು ಆಳುಗಳಿಗೆ ಬಿಟ್ಟು ಜನರನ್ನು ಅಳೆಯಲು ಹೊರಟರು. ಸಂತೆಯ ದಿನ ಟೇಪು ಹಿಡಿದು ಬೀದಿಯಲ್ಲಿ ನಿಂತು, ಹುಲ್ಲಿನ ಹೊರೆ ಹೊತ್ತ ಇಬ್ಬರನ್ನು ಎದುರುಬದುರು ನಡೆಸಿದರು. ಹೊರೆಗೆ ಹೊರೆ ತಗುಲದಿರಲು ಎಷ್ಟು ಅಗಲ ಬೇಕು? ಸೇತುವೆಯ ಪಕ್ಕದ ಕಟಕಟೆ ಎಷ್ಟೆತ್ತರ ಇದ್ದರೆ ಕೈಗೆ ಸಿಗುತ್ತದೆ? ಮೂರನೆಯ ಸಲ ನಡೆಸುವಾಗ ಹೊರೆಗಳು ಡಿಕ್ಕಿ ಹೊಡೆದು, ಹುಲ್ಲೆಲ್ಲ ಸಂತೆಯ ದನಗಳ ಪಾಲಾಯಿತು. ಸೌದೆ ಮಾರುವ ಮುದುಕಿಯ ಮೊಣಕೈ ನೆಲದಿಂದ ಎಷ್ಟೆತ್ತರ ಎಂದು ನೋಡಲು ಟೇಪು ಎಳೆದಾಗ ಆಕೆ ಕೇಳಿದಳು, “ಏನ್ ಬುದ್ಧಿ, ರವ್ಕೆ ಒಲಿಸ್ಕೊಡ್ತೀರಾ?”

ಸಂತೆಯೆಲ್ಲ ನಕ್ಕಿತು. ಆದರೆ ಭಾವ ಮಕ್ಕಳನ್ನೂ ಅಳೆಯಬೇಕು ಅಂದರು ನೋಡಿ, ನಗು ಅಲ್ಲಿಗೇ ನಿಂತಿತು. ಹೊಸ ಸೇತುವೆ ಬಲಿ ಬೇಡುತ್ತದೆ, ಕೂಸನ್ನು ಕೊಡದಿದ್ದರೆ ಕಂಬ ನಿಲ್ಲುವುದಿಲ್ಲ ಎಂಬ ಮಾತು ನಮ್ಮ ಕಡೆ ಹಳೆಯದು. ಓವರ್ಸಿಯರು ಕಂಬದ ಗುಂಡಿಗೆ ಸರಿಯಾದ ಅಳತೆಯ ಮಗು ಹುಡುಕುತ್ತಿದ್ದಾರೆ ಎಂದು ಸುದ್ದಿ ಹಬ್ಬಿತು. ಭಾವ ಬೀದಿಗೆ ಬಂದರೆ ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು. ಶಾಲೆಯಲ್ಲಿ ಉಳಿದದ್ದು ನಾನು ಮತ್ತು ಕಪ್ಪುಹಲಗೆ!

ಸೇತುವೆಯ ಮರಗೆಲಸದ ಮೇಸ್ತ್ರಿ ಸಾಹೇಬರು ಒಂದು ಸಂಜೆ ಮನೆಗೇ ಬಂದು, “ಸ್ವಾಮಿ, ಟೇಪು ಒಳಗಿಡಿ. ನಮ್ಮನೇಲೂ ಹೆದರ್ಕೊಂಡವ್ರೆ,” ಅಂದರು. ಭಾವ ಟೇಪು ಸುತ್ತಿ ಒಳಗಿಟ್ಟರು. ನನಗಂತೂ ಯಾವ ಗಳಿಗೆಯಲ್ಲಿ ಮನೆ ಮೇಲೆ ಕಲ್ಲು ಬೀಳುತ್ತದೋ ಎಂದು ಜೀವವೇ ಇರಲಿಲ್ಲ. ಹಗಲಲ್ಲೂ ಅಗುಳಿ ಹಾಕಿಕೊಂಡು ಕೂತೆ. ಭಾವ ನನ್ನ ತಲೆಯನ್ನೇ ದಿಟ್ಟಿಸುತ್ತಿದ್ದರು. ಬಲಿಗೆ ನನ್ನನ್ನೇ ಅಳೆಯುತ್ತಿದ್ದಾರೋ ಎಂದು ಗೋಡೆಗೆ ಸರಿದೆ. “ಕ್ಷೌರ ಮಾಡಿಸ್ಕೊಳಯ್ಯ,” ಅಂದರು.

ಮಕ್ಕಳ ಅಳತೆ ಸಿಗಲೇ ಇಲ್ಲ. ಆದರೂ ಕಟಕಟೆಗೆ ಕೆಳಗಡೆ ಇನ್ನೊಂದು ಅಡ್ಡಪಟ್ಟಿ ಹೊಡೆಯಿರಿ ಎಂದು ಸಾಹೇಬರಿಗೆ ತಾವೇ ಗುರುತು ಹಾಕಿಕೊಟ್ಟರು. ಅದರ ಅಂಚನ್ನು ಕೂತು ಉಜ್ಜಿ ಉಜ್ಜಿ ನುಣುಪು ಮಾಡಿದರು.

ಸೇತುವೆ ಮುಗಿಯಿತು. ಪೇಟೆಯೆಲ್ಲ ದಡದಲ್ಲಿ ನೆರೆಯಿತು. ಮೊದಲು ಕಾಲಿಟ್ಟವರನ್ನೇ ಅದು ನುಂಗುತ್ತದೆಂದು ಯಾರೂ ಮುಂದೆ ಬರಲಿಲ್ಲ. ಹತ್ತಿದವರು ಯಾರು ಗೊತ್ತೆ? ನಮ್ಮ ಭಾವ! ಎರಡೂ ಕೈಯಿಂದ ಕಟಕಟೆ ಹಿಡಿದು, ಕಣ್ಣು ಮುಚ್ಚಿ, ಅಡಿಗಡಿಗೆ ರಾಮ ರಾಮ ಎನ್ನುತ್ತ ಹೋದರು. ಮೊಣಕಾಲು ನಡುಗುವುದು ದಡದಲ್ಲಿದ್ದ ನಮಗೇ ಕಾಣುತ್ತಿತ್ತು. ಹಾಗೇ ಆಚೆ ದಡ ಮುಟ್ಟಿದರು.

ಸೌದೆ ಮುದುಕಿ ಹೊರೆ ಎತ್ತಿಕೊಂಡಳು. “ಇಂಗ್ ನಡುಗೋ ಮನ್ಸ ಯಾರನ್ನ ಬಲಿ ಕೊಟ್ಟಾನು? ಬನ್ರವ್ವಾ,” ಎಂದು ಮೊಮ್ಮಗಳನ್ನು ಕರೆದುಕೊಂಡು ಹೊರಟಳು. ನಾನೂ ಹಿಂದೆ ಹೋದೆ. ನಡುವೆ ಹೊರೆ ವಾಲಿತು. ಮುದುಕಿ ಅದನ್ನು ಹಿಡಿಯಲು ಮಗುವಿನ ಕೈ ಬಿಟ್ಟಳು. ಮಗು ಕೈ ಚಾಚಿತು. ಕೆಳಗಿನ ಪಟ್ಟಿ ಸರಿಯಾಗಿ ಅದರ ಅಂಗೈಗೆ ಸಿಕ್ಕಿತು. ಅದನ್ನೇ ಹಿಡಿದುಕೊಂಡು ಪುಟುಪುಟು ನಡೆದು ದಾಟಿಬಿಟ್ಟಿತು.

“ಭಾವ, ಒಂದು ಮಗುವನ್ನೂ ಅಳೀಲಿಲ್ಲ. ಇದು ಹೇಗೆ ಸರಿಹೋಯ್ತು?” ಎಂದೆ.

ಭಾವ ಆ ಮಗುವನ್ನೇ ನೋಡುತ್ತಿದ್ದರು. “ನಮ್ಮ ಪುಟ್ಟಿ ಅಷ್ಟೇ ಇದ್ಲು ಕಣಯ್ಯ. ಸರಗೂರಿನ ಹೊಳೆಗೂ ಇಲ್ಲಿದ್ದಂಥದೇ ದಿಮ್ಮಿ. ಅವಳ ಕೈ ಹಿಡಿದಿದ್ದೋನು ನಾನೇ.”

ಜ್ವರವಂತೆ, ಜ್ವರ! ಗಂಡನನ್ನು ಯಾರೂ ಒಂದು ಮಾತು ಅನ್ನದಿರಲೆಂದು ಅಕ್ಕ ಹಾಗೆ ಬರೆದಿದ್ದಳು. ನಾನೋ, ಅವರ ಪುಕ್ಕಲುತನವನ್ನೇ ಕಥೆ ಮಾಡಿ ಪೇಟೆಯನ್ನೆಲ್ಲ ನಗಿಸಿದ್ದೆ.

ಮನೆಗೆ ಹೋಗಲು ಮತ್ತೆ ಅದೇ ಸೇತುವೆ ದಾಟಬೇಕಿತ್ತು. ಭಾವ ನನ್ನ ತೋಳಿಗೆ ಕೈ ಚಾಚುವ ಮೊದಲೇ ನಾನು ಅವರ ಕೈ ಹಿಡಿದುಕೊಂಡೆ.