ಡೀಪ್ ಇರಲಿ ಎಂದಿದ್ದಕ್ಕೆ

ಇಂಗ್ಲಿಷ್ ಕಲಿಸಿಯೇ ಹೊಟ್ಟೆ ಹೊರೆಯುವ ನನಗೆ ಆ ಭಾಷೆಯ ‘ಡೀಪ್’ ಎಂಬ ಶಬ್ದವನ್ನು ಕಂಡರಾಗುವುದಿಲ್ಲ. ಬೋರ್‌ವೆಲ್ ಡೀಪ್, ಫ್ರಿಜ್ ಡೀಪ್, ಭಜಿ ಕರಿಯುವುದೂ ಈಗ ಡೀಪ್. ನಮ್ಮ ರಾಯಬಾಗದ ಕಾಲೇಜಿನಲ್ಲಿ ಪದ್ಯ ಅರ್ಥವಾಗದ ಹುಡುಗರು ‘ಭಾಳ ಡೀಪ್ ಐತ್ರಿ ಸರ್’ ಎಂದು ಪಾರಾಗುತ್ತಾರೆ. ಅದನ್ನೂ ಸಹಿಸಿಕೊಂಡಿದ್ದೆ, ಅಕ್ಕನ ಜಂಪರಿನ, ಅಂದರೆ ರವಿಕೆಯ, ಪ್ರಸಂಗ ನಡೆಯುವ ತನಕ.

ಅಕ್ಕ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವಳೆದುರು ನಾನು ಈಗಲೂ ಕೈಕಟ್ಟಿ ನಿಲ್ಲುವವನು. ಅಥಣಿಯಲ್ಲಿ ಅವಳ ಮೈದುನನ ಮಗಳ ಮದುವೆಯಿತ್ತು. ನಿಪ್ಪಾಣಿಗೆ ಹೊರಟಿದ್ದ ನನ್ನ ಕೈಗೆ ತಿಳಿಹಸಿರು ಸೀರೆಯನ್ನೂ ಅಳತೆಗೊಂದು ಹಳೆಯ ಜಂಪರನ್ನೂ ಕೊಟ್ಟು, “ಇದಕ್ಕ ಒಂದ ಜಂಪರ್ ಹೊಲಿಸ್ಕೊಂಡ ಬಾ. ಡೀಪ್ ಇರಲಿ ಅಂತ ಹೇಳು” ಎಂದಳು. ಸೀರೆಗಿಂತ ಗಾಢವಾದ ಹಸಿರು ಬೇಕೆಂದು ಅವಳ ಮನಸ್ಸಿನಲ್ಲಿ. ನಾನೂ ಹಾಗೆಯೇ ತಿಳಿದೆ.

ನಿಪ್ಪಾಣಿಯಲ್ಲಿ ಬಟ್ಟೆಯನ್ನೂ ಮಾರುವ ದರ್ಜಿ ಇಮಾಮಸಾಬನಿಗೆ ಅದನ್ನೇ ಹೇಳಿದಾಗ ಅವನು ಕೇಳಿದ, “ಡೀಪ್ ಅಂದ್ರ ಎಷ್ಟರಿ ಸರ್?”

“ಕಂಜೂಸತನ ಮಾಡಬ್ಯಾಡ್ರಿ. ಮಂದ್ಯಾಗ ಎದ್ದ ಕಾಣಬೇಕು.”

ಅವನು ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ “ಆತ್ರಿ” ಎಂದ.

ಮದುವೆಯ ಬೆಳಿಗ್ಗೆ ಪೊಟ್ಟಣವನ್ನು ನೇರವಾಗಿ ಕಲ್ಯಾಣ ಮಂಟಪಕ್ಕೇ ಒಯ್ದೆ. ಅಕ್ಕ ಬಿಚ್ಚಿದಳು. ಬಣ್ಣ ಗಾಢವಾಗಿಯೇ ಇತ್ತು. ಬೆನ್ನು ಮಾತ್ರ ಇರಲಿಲ್ಲ.

“ಇದರ ಬೆನ್ನ ಎಲ್ಲಿ ಐತೋ?”

“ನೀನ ಡೀಪ್ ಅಂದಿದ್ದಿ.”

“ನಾ ಬಣ್ಣ ಅಂದಿದ್ನಿ. ನಿನಗ ಇಂಗ್ಲಿಷ್ ಕಲಿಸಾಕ ಇಟ್ಟವರ್ಯಾರು?”

ಆ ಸೀರೆಗೆ ಹೊಂದುವ ಬೇರೆ ಜಂಪರ್ ತಂದಿರಲಿಲ್ಲ. ಎರಡೂ ಭುಜಕ್ಕೆ ಸೆರಗು ಬಿಗಿಯಾಗಿ ಹೊದ್ದು, ನನ್ನನ್ನು ಕಣ್ಣಲ್ಲೇ ಸುಡುತ್ತ ಅವಳು ಹೊರಬಂದಳು. ಆದರೆ ಆರತಿ ಹಿಡಿಯುವವಳು ಅವಳೇ. ತಟ್ಟೆ ಎತ್ತಿದಳು, ಸೆರಗು ಜಾರಿತು. ಎರಡೂ ಕೈಯಲ್ಲಿ ತಟ್ಟೆ. ಓರಗಿತ್ತಿಯರು ಮಾತು ನಿಲ್ಲಿಸಿದರು. ನಾನು ಊಟದ ಮನೆಗೆ ಓಡುವ ದಾರಿ ಹುಡುಕುತ್ತಿದ್ದೆ.

ಆಗ ನಿಪ್ಪಾಣಿಯ ಬೀಗರ ಪೈಕಿ ಒಬ್ಬ ಹಿರಿಯಾಕೆ ಅಕ್ಕನ ಬೆನ್ನ ಹಿಂದೆ ಬಂದು, “ಕಿತಿ ಛಾನ್ ದಿಸ್ತಯ್” ಎಂದು ಮರಾಠಿಯಲ್ಲಿ ಮೆಚ್ಚಿ, ಯಾರ ಹತ್ತಿರ ಹೊಲಿಸಿದಿರಿ ಎಂದು ಕೇಳಿದರು. ಅಕ್ಕ ತಡವರಿಸಿದಳು. ಆಮೇಲೆ, “ನಮ್ಮ ತಮ್ಮ ಹೊಲಿಸ್ಯಾನ್ರಿ. ಅವಂಗ ಇದೆಲ್ಲಾ ಚೊಲೋ ತಿಳಿತೈತಿ” ಎಂದಳು. ಆರತಿ ಮುಗಿದ ಮೇಲೂ ಸೆರಗು ಮೇಲೇರಲಿಲ್ಲ.

ಮರುವಾರ ಅಕ್ಕ ಇನ್ನೆರಡು ಸೀರೆ ಕೊಟ್ಟಳು. “ಇನ್ನೊಂದ ಬೆರಳ ಡೀಪ್” ಎಂದು ತಾಕೀತು ಬೇರೆ. ಈ ಸಲ ಗೊಂದಲಕ್ಕೆ ಎಡೆ ಕೊಡಬಾರದೆಂದು ಇಮಾಮಸಾಬನಿಗೆ ಬೆನ್ನು ಕೊಟ್ಟು ನಿಂತು, ಕೈ ಹಿಂದೆ ತಿರುಚಿ, “ಇಲ್ಲೀ ತನಕ ಬರ್ಬೇಕ ನೋಡ್ರಿ” ಎಂದು ನನ್ನ ಸೊಂಟದ ಹತ್ತಿರ ಗೆರೆ ಎಳೆದು ತೋರಿಸಿದೆ. ಅಂಗಡಿಯ ಬಾಗಿಲಲ್ಲಿ, ಹೊಲಿಸಲೆಂದು ನಿಪ್ಪಾಣಿಗೆ ಬಂದಿದ್ದ ನಮ್ಮ ಕಾಲೇಜಿನ ಹುಡುಗಿಯರು ಬಟ್ಟೆ ಹಿಡಿದು ನಿಂತಿದ್ದರು.

“ನಮಸ್ಕಾರ್ರಿ ಸರ್” ಎಂದಳೊಬ್ಬಳು, ಬಹಳ ಗೌರವದಿಂದ.